ಘಾನಾ ದೇಶದ ಹೊಸ್ತಿಲು

ಕಳೆದ ಎರಡು ಸಂಚಿಕೆಗಳಲ್ಲಿ ಈ ಪುಟವು ಬರಿದಾಗಿದ್ದುದನ್ನು ಕಂಡು ವಾಚಕ ಮಹಾಶಯರಲ್ಲಿ ಅನೇಕರು ಸಂಪಾದಕರಿಗೆ ಕಾಗದ ಬರೆದರಂತೆ. ನಮ್ಮ ದೇಹಸ್ಥಿತಿಯು ಕೆಟ್ಟಿತೆಂದು ಕೆಲವರೂ, ಬರೆಯುವ ಸರಕು ತೀರಿತೆಂದು ಕೆಲವರೂ ಊಹಿಸಿದರೆಂದು ತಿಳಿಯಿತು. ಎರಡೂ ಅಲ್ಲ. ನಾವು ನಮ್ಮ ಮನೆಯವರೊಡನೆ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗಿದ್ದೆವು. ಆ ಸಂಗತಿಯು ಹೇಗೋ ಹೊರಬಿದ್ದು, ದಾವಣಗೆರೆಯ ಗೃಹಸ್ಥರೊಬ್ಬರು ತಮ್ಮ ಮಗಳೂ ಅಳಿಯನೂ ಅದೇ ದೇಶದಲ್ಲಿರುವರೆಂದೂ, ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದಕ್ಕೆ ಯಾವ ಯಾವ ಅಪ್ಪಣೆಗಳನ್ನು ಪಡೆಯಬೇಕೆಂದೂ ಕೇಳಿದ್ದಾರೆ. ಅವರಿಗೆ ಉತ್ತರ ಬರೆಯುವ ನೆಪದಿಂದ ಈ ತಿಂಗಳ ಮಾತನ್ನು ಆರಂಭಿಸುತ್ತೇವೆ. ಇದರಲ್ಲಿ ನಮ್ಮ ಒಂದು ಅವಿವೇಕದ ಕಥೆಯೂ ಸೇರಿಕೊಳ್ಳುವುದು ಅನಿವಾರ್ಯ.

ನಮ್ಮ ಮಗನು ಘಾನಾದ ತೇಮ ಎಂಬ ರೇವುಪಟ್ಟಣದಲ್ಲಿ ನಾಲ್ಕು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಸೊಸೆಗೆ ಹೆರಿಗೆಯು ಅಲ್ಲಿಯೇ ಆಯಿತು. ಬೀಗಿತಿಯವರು ಹೋಗಿ ಬಾಣಂತನವನ್ನು ಮಾಡಿ ಬಂದರು. ಮೊಮ್ಮಗನನ್ನು ನಾವು ದೂರವಾಣಿಯ ಗಾಜಿನಲ್ಲಿ ಮಾತ್ರ ನೋಡಿದ್ದೆವು. ಮಗುವಿಗೆ ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನವನ್ನು ನಾವೇ ಕೈಯಾರ ಮಾಡಿಸತಕ್ಕದ್ದೆಂದು ನಿಶ್ಚಯವಾಯಿತು. ಮುಹೂರ್ತವನ್ನು ನಾವೇ ಇಟ್ಟೆವು. ತಿಥಿ, ವಾರ, ನಕ್ಷತ್ರ, ಲಗ್ನ ಯಾವುದರಲ್ಲಿಯೂ ಕೊರತೆ ಇರಲಿಲ್ಲ. ನಮ್ಮ ಪೂರ್ವಿಕರು ಗ್ರಹಗಣಿತಕ್ಕೆ ಮೂಲವಾದ ಮಧ್ಯರೇಖೆಯನ್ನು ಉಜ್ಜಯಿನಿಯ ಮೇಲೆ ಎಳೆದರಷ್ಟೆ. ಇಂದಿನ ಲೋಕವು ಅಂಗೀಕರಿಸಿರುವ ಗ್ರೀನ್‌ವಿಚ್ಚಿನ ರೇಖೆಯು ನಮ್ಮ ಮಗನಿರುವ ತೇಮದ ಮೇಲೆಯೇ ಹಾದುಹೋಗುತ್ತದೆ. ಶೂನ್ಯ ರೇಖಾಂಶದಲ್ಲಿ ಲಗ್ನಸಾಧನ ಮಾಡುವ ಭಾಗ್ಯವು ಎಷ್ಟು ಮಂದಿಗೆ ಲಭಿಸೀತು ಎಂದು ಒಳಗೊಳಗೇ ಹಿಗ್ಗಿದೆವು. ಇಷ್ಟೆಲ್ಲ ಎಣಿಸಿದ ನಾವು ಹತ್ತು ದಿನಗಳ ಒಂದು ಸಣ್ಣ ಲೆಕ್ಕವನ್ನು ಎಣಿಸದೆ ಹೋದೆವು. ಅದು ಮುಂದೆ ಬರುತ್ತದೆ.

ದೇಶದ ಗಡಿಯಲ್ಲಿ ಪತ್ರವನ್ನು ಕೇಳುವ ಪದ್ಧತಿಯು ಪಾಶ್ಚಾತ್ಯರ ಸೃಷ್ಟಿಯೆಂದು ಅನೇಕರು ತಿಳಿದಿರುವರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಉಂಟು. ಒಂದು ಮಾಷದ ಶುಲ್ಕಕ್ಕೆ ಅವನು ಮುದ್ರೆಯನ್ನು ಕೊಡುವನು. ಮುದ್ರೆಯಿದ್ದವನು ಜನಪದದೊಳಕ್ಕೆ ಬರಬಹುದು, ಹೊರಕ್ಕೆ ಹೋಗಬಹುದು. ಇಲ್ಲದೆ ಸಿಕ್ಕಿಬಿದ್ದ ನಾಡಿಗನು ೧೨ ಪಣಗಳನ್ನು ತೆರಬೇಕು. ಕಳ್ಳಮುದ್ರೆಯನ್ನು ತಂದವನಿಗೆ ಅದಕ್ಕಿಂತ ದೊಡ್ಡ ದಂಡ. ಹಾಗೆ ತಂದವನು ಪರದೇಶದವನಾದರಂತೂ ಅತ್ಯುನ್ನತ ದಂಡ. ಈ ಗ್ರಂಥದ ಓಲೆಗರಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ನಮ್ಮವರೇ ಆದ ಪಂಡಿತ ಆರ್. ಶಾಮಶಾಸ್ತ್ರಿಗಳು. ಆದಕಾರಣ ವೀಸಾ ಎಂಬ ಹೆಸರನ್ನು ಕೇಳಿದೊಡನೆ ಹುಬ್ಬುಗಂಟಿಕ್ಕುವ ಹಕ್ಕು ನಮಗಿಲ್ಲ.

ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. ಪಾಸ್‌ಪೋರ್ಟೆಂಬುದು ನಮ್ಮ ಸರಕಾರವು ಈತನು ನಮ್ಮವನೆಂದು ಕೊಡುವ ರಹದಾರಿ. ವೀಸಾ ಎಂಬುದು ಆ ದೇಶದ ಸರಕಾರವು ಈತನು ಬರಬಹುದೆಂದು ಮುಂಚಿತವಾಗಿ ಕೊಡುವ ಒಪ್ಪಿಗೆ. ಭಾರತದ ಸಾಮಾನ್ಯ ಪಾಸ್‌ಪೋರ್ಟುಳ್ಳವರು ವೀಸಾ ಇಲ್ಲದೆ ಘಾನಾಕ್ಕೆ ಹೋಗಕೂಡದು. ಅದನ್ನು ಕೊಡತಕ್ಕದ್ದು ಹೊಸದಿಲ್ಲಿಯಲ್ಲಿರುವ ಘಾನಾದ ಹೈಕಮಿಷನ್ ಕಚೇರಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಆಯುಷ್ಯವಿರಬೇಕು. ಮೊಹರು ಒತ್ತುವುದಕ್ಕೆ ಖಾಲಿ ಹಾಳೆಗಳಿರಬೇಕು. ಹೋಗಿಬರುವ ಟಿಕೆಟ್ಟಿನ ಪ್ರತಿ, ಅಲ್ಲಿ ಇಳಿದುಕೊಳ್ಳುವ ಸ್ಥಳದ ದಾಖಲೆ, ಖರ್ಚಿಗೆ ಹಣವುಂಟೆಂದು ತೋರಿಸುವ ಬ್ಯಾಂಕಿನ ಲೆಕ್ಕ, ಭಾವಚಿತ್ರ ಮೊದಲಾದುವನ್ನು ಅರ್ಜಿಯೊಡನೆ ಲಗತ್ತಿಸಬೇಕು. ಮಕ್ಕಳ ಮನೆಗೆ ಹೋಗುವವರಾದರೆ ಮಗನೋ ಅಳಿಯನೋ ಆಹ್ವಾನಪತ್ರವನ್ನು ಬರೆದು, ತಾನು ಅಲ್ಲಿ ವಾಸಿಸುವುದಕ್ಕೆ ಪಡೆದಿರುವ ಅನುಮತಿಯ ಪ್ರತಿಯನ್ನು ಸೇರಿಸಿ ಕಳುಹಿಸತಕ್ಕದ್ದು. ಹೆತ್ತ ಮಗನಿಂದ ನಮ್ಮನ್ನು ದಯವಿಟ್ಟು ಆಹ್ವಾನಿಸುತ್ತೇನೆ ಎಂಬ ಕಾಗದವನ್ನು ಬರೆಸಿಕೊಳ್ಳುವಾಗ ನಮಗೆ ನಗು ಬಂದಿತು. ನಮ್ಮ ಮನೆಯವರಿಗೆ ಮಾತ್ರ ನಗು ಬರಲಿಲ್ಲ. ಅವರು ಆ ಕಾಗದದ ಒಂದು ಪ್ರತಿಯನ್ನು ಕೇಳಿ ತೆಗೆದಿಟ್ಟುಕೊಂಡರು.

ಶುಲ್ಕವೂ ನಮೂನೆಗಳೂ ಆಗಾಗ ಬದಲಾಗುವುದರಿಂದ ಅವನ್ನಿಲ್ಲಿ ಬರೆದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಮುಂದೆ ಎಲ್ಲವನ್ನೂ ಜಾಲದ ಮೂಲಕವೇ ನಡೆಸುವುದಾಗಿ ಆ ಸರಕಾರವು ಹೇಳಿದೆ. ಹೊರಡುವ ಮುಂಚೆ ಹೈಕಮಿಷನ್ನಿನ ಪ್ರಕಟಣೆಯನ್ನೇ ನೋಡಬೇಕು. ಪ್ರವಾಸದ ಏಜೆಂಟರ ಬಾಯಿಮಾತನ್ನಲ್ಲ. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಅಲ್ಲಿ ಇಳಿದ ಮೇಲೆಯೇ ವೀಸಾ ಕೊಡುವರೆಂದು ಕೆಲವರು ಹೇಳುವುದುಂಟು. ಅದಕ್ಕೂ ಅಲ್ಲಿನ ವಲಸೆ ಇಲಾಖೆಯಿಂದ ಮುಂಗಡವಾಗಿ ಒಪ್ಪಿಗೆಯನ್ನು ತರಿಸಿಕೊಂಡಿರಬೇಕು. ಬರಿಗೈಯಲ್ಲಿ ಹೋಗಿ ನಿಂತವನಿಗೆ ಬಾಗಿಲು ತೆರೆಯುವುದಿಲ್ಲ. ಅಷ್ಟೇಕೆ, ಇಲ್ಲಿ ವಿಮಾನವನ್ನೇ ಹತ್ತಿಸುವುದಿಲ್ಲ.

ಇನ್ನೊಂದು ಎಡವುವ ಸ್ಥಳವುಂಟು. ವೀಸಾದಲ್ಲಿ ಮೂರು ತಿಂಗಳೆಂದಿದ್ದರೆ ಮೂರು ತಿಂಗಳು ಅಲ್ಲಿರಬಹುದೆಂದು ಅರ್ಥವಲ್ಲ. ಅಷ್ಟರೊಳಗೆ ದೇಶವನ್ನು ಪ್ರವೇಶಿಸಬೇಕೆಂಬ ಗಡುವು ಅದು. ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿ ಇಳಿದಾಗ ಪ್ರವೇಶಾಧಿಕಾರಿಯು ಮೊಹರಿನ ಮೇಲೆ ಬರೆಯುವನು. ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾ ಆದರೆ ನೆರೆಯ ದೇಶಕ್ಕೆ ಕಾಲಿಟ್ಟು ಹಿಂದಿರುಗುವ ಹಾಗೂ ಇಲ್ಲ. ಪೂರ್ವದಿಕ್ಕಿನ ತೋಗೋ ದೇಶದ ರಾಜಧಾನಿಯಾದ ಲೋಮೆ ಪಟ್ಟಣವು ಘಾನಾದ ಗಡಿಗೆ ಅಂಟಿಕೊಂಡೇ ಇದೆ. ಅಫ್ಲಾವೋ ಎಂಬ ಗಡಿಯೂರಿನಲ್ಲಿ ನಿಂತರೆ ಆಚೆಯ ಬೀದಿಯು ಕಾಣುತ್ತದೆ. ಸಂಜೆಗೆ ತಿರುಗಾಡಿ ಬರೋಣವೆಂದು ದಾಟಿದವನು ಹೊಸ ವೀಸಾಕ್ಕೆ ಬಾಯಿಬಿಡಬೇಕಾಗುತ್ತದೆ.

ಇಷ್ಟನ್ನು ನಾವು ಸರಿಯಾಗಿಯೇ ನಡೆಸಿದೆವು. ಎಡವಿದ್ದು ಹಳದಿ ಚೀಟಿಯಲ್ಲಿ.

ಘಾನಾ ದೇಶವನ್ನು ಪ್ರವೇಶಿಸುವವರಲ್ಲಿ ಒಂಬತ್ತು ತಿಂಗಳಿಗೆ ಮೇಲ್ಪಟ್ಟ ಪ್ರತಿಯೊಬ್ಬರೂ ಹಳದಿ ಜ್ವರಕ್ಕೆ ಸೂಜಿಮದ್ದು ಹಾಕಿಸಿಕೊಂಡ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ತೋರಿಸಬೇಕು. ಅದು ಹಳದಿ ಬಣ್ಣದ ಕಿರುಪುಸ್ತಿಕೆ. ಈ ಜ್ವರವು ನಮ್ಮ ನಾಡಿನಲ್ಲಿಲ್ಲದ ಕಾರಣ ಅನೇಕರು ಹೆಸರನ್ನೂ ಕೇಳಿರಲಾರರು. ಸೊಳ್ಳೆಯ ಕಡಿತದಿಂದ ಬರುತ್ತದೆ. ಬಂದವರಲ್ಲಿ ಬಹುಮಂದಿ ಮೂರು ನಾಲ್ಕು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಜ್ವರವು ಇಳಿದಂತೆ ತೋರಿ ಮತ್ತೆ ಮರುಕಳಿಸಿ, ಯಕೃತ್ತು ಕೆಟ್ಟು, ಕಾಮಾಲೆಯಾಗಿ ಕಣ್ಣು ಮೈ ಹಳದಿಯಾಗುತ್ತದೆ. ಆ ಹಂತಕ್ಕೆ ಹೋದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಇದಕ್ಕೆ ಔಷಧಿಯಿಲ್ಲ; ಇರುವುದು ಮುಂಚಿತವಾಗಿ ಹಾಕಿಸಿಕೊಳ್ಳುವ ಆ ಒಂದು ಸೂಜಿ ಮಾತ್ರ. ನಮ್ಮಲ್ಲಿ ಡೆಂಗಿ ಜ್ವರವನ್ನು ಹರಡುವ ಹಗಲು ಸೊಳ್ಳೆಯೇ ಇದನ್ನೂ ಹರಡಬಲ್ಲದು. ಸೊಳ್ಳೆಯು ನಮ್ಮಲ್ಲಿ ಬೇಕಾದಷ್ಟಿದೆ. ವಿಷವೊಂದು ಬಂದು ಸೇರಿಕೊಂಡಿಲ್ಲ. ಆದ್ದರಿಂದಲೇ ನಮ್ಮ ಸರಕಾರವೂ ಈ ಚೀಟಿಯ ವಿಷಯದಲ್ಲಿ ಘಾನಾದವರಷ್ಟೇ ಬಿಗಿ. ಆ ದೇಶದಿಂದ ಚೀಟಿಯಿಲ್ಲದೆ ಹಿಂದಿರುಗಿದವನು ಭಾರತದವನೇ ಆದರೂ ಅವನನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿಡುವುದುಂಟು. ಸೊಳ್ಳೆ ಕಚ್ಚಿದ ಮೇಲೆ ರೋಗವು ತಲೆದೋರುವುದಕ್ಕೆ ಮೂರರಿಂದ ಆರು ದಿನಗಳು ಬೇಕಾಗುವುದೇ ಆ ಆರು ದಿನಗಳ ಲೆಕ್ಕಕ್ಕೆ ಕಾರಣ.

ಮಗನು ಮೊದಲ ದಿನವೇ ದೂರವಾಣಿಯಲ್ಲಿ, “ಅಪ್ಪ, ಸೂಜಿಯೊಂದನ್ನು ಮರೆಯಬೇಡಿ” ಎಂದಿದ್ದನು. ನಾವು ಮರೆಯಲಿಲ್ಲ, ತಡಮಾಡಿದೆವು. ತಡಮಾಡಿದ್ದಕ್ಕೆ ಕಾರಣವುಂಟು. ನಮಗೆ ಅರವತ್ತೊಂದು ನಡೆಯುತ್ತಿದೆ. ಈ ಸೂಜಿಯಲ್ಲಿರುವುದು ಸತ್ತ ವಿಷವಲ್ಲ. ಬಲಗುಂದಿಸಿದ ಜೀವಂತ ವಿಷ. ಅರವತ್ತು ದಾಟಿದವರು ಮೊದಲ ಬಾರಿಗೆ ಇದನ್ನು ಹಾಕಿಸಿಕೊಂಡರೆ, ಬಹು ವಿರಳವಾಗಿಯಾದರೂ, ಸೂಜಿಯಿಂದಲೇ ಆ ಜ್ವರವನ್ನು ಹೋಲುವ ಕಠಿನವಾದ ಕಾಯಿಲೆಯು ಉಂಟಾಗಬಹುದೆಂದು ಪತ್ರಿಕೆಯೊಂದರಲ್ಲಿ ಓದಿದ್ದೆವು. ಅಂದಿನಿಂದ ನಿದ್ರೆಯು ಸರಿಯಾಗಿ ಬರಲಿಲ್ಲ. ಕಾರಣವನ್ನು ಹೇಳಿಕೊಳ್ಳಲೂ ಸಂಕೋಚ. ಇಂದು ನಾಳೆ ಎಂದು ದಿನ ತಳ್ಳಿದೆವು. ಒಂದು ರಾತ್ರಿ ನಮ್ಮ ಮನೆಯವರೇ ಕೇಳಿದರು. ನಾವು ಇದ್ದುದನ್ನು ಹೇಳಿದೆವು. ಅವರಿಗೆ ಐವತ್ತಾರು, ಈ ಭಯವು ಅವರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಆಗದು ಎಂದಾದರೆ ಬೇಡಿ. ನೀವು ಇಲ್ಲೇ ಇರಿ. ನಾನೊಬ್ಬಳೇ ಹೋಗಿಬರುತ್ತೇನೆ” ಎಂದರು. ಮೂವತ್ತೈದು ವರ್ಷಗಳಲ್ಲಿ ಬೆಂಗಳೂರಿಗೂ ಒಬ್ಬರೇ ಹೋಗದವರು ಈ ಮಾತನ್ನು ಆಡಿದರು. ಹಟವೂ ಇರಲಿಲ್ಲ, ಹೀಯಾಳಿಕೆಯೂ ಇರಲಿಲ್ಲ. ಅವರು ನಿಶ್ಚಯಿಸಿದ್ದರು.

ಮರುದಿನ ಬೆಳಿಗ್ಗೆಯೇ ನಮ್ಮ ಊರಿನ ವೈದ್ಯರ ಬಳಿಗೆ ಹೋದೆವು. ಅವರು ನಮ್ಮಲ್ಲಿ ರಾಮಶಬ್ದವನ್ನು ಕಲಿತವರು. “ಮೇಷ್ಟ್ರೇ, ಭಯವು ಸುಳ್ಳಲ್ಲ, ಆದರೆ ಅದರ ಪ್ರಮಾಣವನ್ನು ಕೇಳಿ” ಎಂದು ಕುಳ್ಳಿರಿಸಿಕೊಂಡು ವಿವರಿಸಿದರು. ನಮ್ಮ ವಯಸ್ಸಿನವರಲ್ಲಿ ಅಂಥ ಅಪಾಯವು ಲಕ್ಷಕ್ಕೆ ಒಬ್ಬರ ಆಸುಪಾಸು. ಎಪ್ಪತ್ತು ದಾಟಿದವರಲ್ಲಿ ಇನ್ನೂ ಹೆಚ್ಚು. ಎದೆಯೊಳಗಿನ ಥೈಮಸ್ ಗ್ರಂಥಿಯ ರೋಗವುಳ್ಳವರು, ರೋಗನಿರೋಧ ಶಕ್ತಿಯನ್ನು ಕುಂದಿಸುವ ಮದ್ದುಗಳನ್ನು ಸೇವಿಸುವವರು, ಮೊಟ್ಟೆಯು ಮೈಗೆ ಒಗ್ಗದವರು ಇದನ್ನು ಹಾಕಿಸಿಕೊಳ್ಳಬಾರದು. ಅಂಥವರಿಗೆ ವೈದ್ಯರು ವಿನಾಯಿತಿಯ ಪತ್ರವನ್ನು ಬರೆದು ಕೊಡಬಹುದು. ಆದರೆ ಆ ಪತ್ರವನ್ನು ಹಿಡಿದು ಹೋದವನಿಗೆ ಜ್ವರದಿಂದ ರಕ್ಷಣೆಯೂ ಇಲ್ಲ, ಹಿಂದಿರುಗಿದಾಗ ಇಲ್ಲಿನ ಪ್ರತ್ಯೇಕವಾಸದಿಂದ ಬಿಡುಗಡೆಯ ಭರವಸೆಯೂ ಇಲ್ಲ. ಜ್ವರವಿರುವ ನಾಡಿಗೆ ಸೂಜಿಯಿಲ್ಲದೆ ಹೋಗುವುದೂ ಒಂದು ಅಪಾಯವೇ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ವೈದ್ಯರು ನಮ್ಮನ್ನು ಪರೀಕ್ಷಿಸಿ, ನಾವು ಸೇವಿಸುವ ಗುಳಿಗೆಗಳ ಪಟ್ಟಿಯನ್ನು ಓದಿ, ಅಡ್ಡಿಯಿಲ್ಲವೆಂದರು.

“ಮೊಟ್ಟೆ ಒಗ್ಗುತ್ತದೆಯೆ?” ಎಂದು ಕೇಳಿದಾಗ ಮಾತ್ರ ನಾವು ದಂಪತಿಗಳಿಬ್ಬರೂ ಮುಖಮುಖ ನೋಡಿಕೊಂಡೆವು. ಹುಟ್ಟಿದಂದಿನಿಂದ ಮುಟ್ಟದ ಪದಾರ್ಥವು ಒಗ್ಗುತ್ತದೆಯೋ ಇಲ್ಲವೋ ಎಂದು ಹೇಗೆ ಹೇಳುವುದು? ವೈದ್ಯರು ನಕ್ಕು, ಬೇಕರಿಯ ಕೇಕು ಎಂದಾದರೂ ತಿಂದುದುಂಟೆ ಎಂದರು. ನಮ್ಮ ಮನೆಯವರು ನಮ್ಮ ಕಡೆ ನೋಡಿದರು. ಸಹೋಪಾಧ್ಯಾಯರ ಬೀಳ್ಕೊಡುಗೆಯ ಸಮಾರಂಭಗಳಲ್ಲಿ ನಾವು ಏನನ್ನು ತಿಂದು ಬರುತ್ತಿದ್ದೆವೆಂಬುದು ಅಂದು ಬಯಲಾಯಿತು. ಆ ಮದ್ದನ್ನು ಕೋಳಿಯ ಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸುವುದರಿಂದ ಈ ಪ್ರಶ್ನೆಯು ಬರುತ್ತದೆ. ಕಟ್ಟಾ ಶಾಕಾಹಾರಿಗಳಾದ ಓದುಗರು ಇದನ್ನು ತಿಳಿದಿರುವುದು ಒಳ್ಳೆಯದು. ತಿಳಿದ ಮೇಲೆ ಮಾಡಬೇಕಾದ್ದನ್ನು ಅವರವರೇ ನಿರ್ಧರಿಸಲಿ. ನಮ್ಮ ಮನೆಯವರು, “ಔಷಧಕ್ಕೆ ಮಡಿಯಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಈ ಸೂಜಿಯನ್ನು ಎಲ್ಲ ಆಸ್ಪತ್ರೆಗಳಲ್ಲಿಯೂ ಹಾಕುವುದಿಲ್ಲ. ಸರಕಾರವು ಗೊತ್ತುಪಡಿಸಿರುವ ಕೇಂದ್ರಗಳಲ್ಲಿ ಮಾತ್ರ, ಗೊತ್ತಾದ ದಿನಗಳಲ್ಲಿ, ಮುಂಚಿತವಾಗಿ ಹೆಸರನ್ನು ಬರೆಯಿಸಿ ಹೋಗಬೇಕು. ಪಾಸ್‌ಪೋರ್ಟಿನ ಮೂಲಪ್ರತಿಯನ್ನೇ ಒಯ್ಯಬೇಕು. ಅದರ ಸಂಖ್ಯೆಯನ್ನು ಪುಸ್ತಿಕೆಯಲ್ಲಿ ಬರೆಯುತ್ತಾರೆ. ಆದ್ದರಿಂದ ಪಾಸ್‌ಪೋರ್ಟನ್ನು ದಿಲ್ಲಿಗೆ ಕಳುಹಿಸುವುದಕ್ಕೆ ಮುಂಚೆಯೇ ಈ ಕೆಲಸವನ್ನು ಮುಗಿಸುವುದು ಜಾಣತನ. ವೀಸಾದ ಅರ್ಜಿಯೊಡನೆಯೇ ಅದರ ಪ್ರತಿಯನ್ನು ಕೇಳುವುದೂ ಉಂಟಂತೆ. ನಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಟಿಕೆಟ್ಟನ್ನು ಕೊಡಿಸಿದ ಏಜೆಂಟರು, ಸೂಜಿಯನ್ನು ಹೊರಡುವ ಹಿಂದಿನ ದಿನ ಹಾಕಿಸಿದರೂ ನಡೆಯುತ್ತದೆಂದು ಧೈರ್ಯ ಹೇಳಿದ್ದರು. ಬೀಗಿತಿಯವರು ಆರು ತಿಂಗಳ ಹಿಂದೆಯಷ್ಟೇ ಆ ದೇಶಕ್ಕೆ ಹೋಗಿಬಂದವರು. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಾಗುತ್ತಿತ್ತು. ಗಂಡಿನ ಕಡೆಯವರಾಗಿ ಕೇಳುವುದೆಂತು ಎಂಬ ಒಂದು ಬಿಗುಮಾನವು ನಮ್ಮಲ್ಲಿತ್ತು. ಅದನ್ನೀಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಕೇಂದ್ರದಲ್ಲಿ ಸೂಜಿಯನ್ನು ಹಾಕಿದ ದಾದಿಯು ಪುಸ್ತಿಕೆಯನ್ನು ಬರೆಯುತ್ತ, “ಯಾವತ್ತು ಹೊರಡುವುದು ಸಾರ್?” ಎಂದಳು. ಇಂದಿಗೆ ಆರನೆಯ ದಿನ ಎಂದೆವು. ಆಕೆಯು ಲೇಖನಿಯನ್ನು ಕೆಳಗಿಟ್ಟಳು. ಈ ಪ್ರಮಾಣಪತ್ರಕ್ಕೆ ಸೂಜಿ ಹಾಕಿದ ಹತ್ತು ದಿನಗಳ ಮೇಲೆಯೇ ಜೀವ ಬರುವುದು. ಶರೀರವು ತನ್ನ ರಕ್ಷಣೆಯನ್ನು ಕಟ್ಟಿಕೊಳ್ಳುವುದಕ್ಕೆ ಅಷ್ಟು ಕಾಲ ಬೇಕು. ಅದಕ್ಕೆ ಮುಂಚೆ ಅದು ಬರಿಯ ಕಾಗದ. ನಾವು ಇಟ್ಟ ಮುಹೂರ್ತವೋ, ಸರಿಯಾಗಿ ಹತ್ತನೆಯ ದಿನ!

ಟಿಕೆಟ್ಟನ್ನು ಮುಂದಕ್ಕೆ ಹಾಕಿಸುವುದಕ್ಕೆ ತೆತ್ತ ದಂಡದ ಮೊತ್ತವನ್ನು ಬರೆಯುವುದಿಲ್ಲ. ಕೌಟಿಲ್ಯನ ೧೨ ಪಣಗಳಿಗಿಂತ ಹೆಚ್ಚೆಂದು ಮಾತ್ರ ತಿಳಿಯಿರಿ. ಮಗನು ನಾಲ್ಕು ಮನೆಗಳಿಗೆ ಕರೆದಾಗಿತ್ತು. ಅದೇ ತಿಂಗಳಿನಲ್ಲಿ ಇನ್ನೊಂದು ಒಳ್ಳೆಯ ದಿನವನ್ನು ನಮ್ಮ ಪಂಚಾಂಗವೇ ಕೊಡಲಿಲ್ಲ. ಅನ್ನಪ್ರಾಶನವು ಗೊತ್ತಾದ ಮುಹೂರ್ತದಲ್ಲಿಯೇ ತೇಮದಲ್ಲಿ ನಡೆಯಿತು. ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆಗಳ ಅಂತರ. ನಾವು ನಮ್ಮ ನಡುಮನೆಯಲ್ಲಿ ದೂರವಾಣಿಯನ್ನು ಗೋಡೆಗೆ ಒರಗಿಸಿ, ಇಲ್ಲಿಂದಲೇ ಮಂತ್ರವನ್ನು ಹೇಳಿದೆವು. ಮಗುವು ಪಾಯಸದ ಮೊದಲ ತುತ್ತನ್ನು ಉಗಿದು, ಎರಡನೆಯದನ್ನು ನುಂಗಿತು. ನಮ್ಮ ಮನೆಯವರು ಬೆಳಿಗ್ಗೆಯೇ ಮಾಡಿಟ್ಟ ಪಾಯಸವನ್ನು ಆ ದಿನ ಮುಟ್ಟಲಿಲ್ಲ.

ಆ ಹತ್ತು ದಿನಗಳಲ್ಲಿ ನಾವು ಎರಡು ಕೆಲಸಗಳನ್ನು ಮಾಡಿದೆವು. ದಿನಕ್ಕೆ ನಾಲ್ಕು ಬಾರಿ ಜ್ವರವನ್ನು ಅಳೆದುಕೊಂಡೆವು. ಐದನೆಯ ದಿನ ಸ್ವಲ್ಪ ಮೈಬಿಸಿಯಾಗಿ ಏಳನೆಯ ದಿನ ಬಿಟ್ಟಿತು. ಎರಡನೆಯದಾಗಿ, ನಮ್ಮ ಮುಹೂರ್ತವನ್ನು ಕೆಡಿಸಿದ ಈ ಸೂಜಿಯ ಜಾತಕವನ್ನು ಶೋಧಿಸಿದೆವು. ಅದು ಹೊರಟುದು ಘಾನಾದಿಂದಲೇ ಎಂದು ತಿಳಿದಾಗ ನಮಗಾದ ಆಶ್ಚರ್ಯವು ಅಷ್ಟಿಷ್ಟಲ್ಲ.

ಆ ದೇಶವು ಗೋಲ್ಡ್ ಕೋಸ್ಟ್ ಎಂಬ ಹೆಸರಿನಲ್ಲಿ ಆಂಗ್ಲರ ಅಧೀನದಲ್ಲಿದ್ದ ಕಾಲ. ರಾಕ್‌ಫೆಲರ್ ಪ್ರತಿಷ್ಠಾನದವರು ಕಳುಹಿಸಿದ ವೈದ್ಯರು ಪಶ್ಚಿಮ ಆಫ್ರಿಕದಲ್ಲಿ ಹಳದಿ ಜ್ವರದ ಮೂಲವನ್ನು ಹುಡುಕುತ್ತಿದ್ದರು. ರೋಗದ ವಿಷವನ್ನು ಹಿಡಿದಿಡಬೇಕಾದರೆ ಅದು ತಗಲುವಂಥ ಪ್ರಾಣಿಯೊಂದು ಬೇಕು. ಏಷ್ಯದಿಂದ ತಂದ ರೀಸಸ್ ಕೋತಿಗಳಿಗೆ, ಎಂದರೆ ಉತ್ತರ ಹಿಂದೂಸ್ಥಾನದ ದೇವಸ್ಥಾನಗಳ ಮುಂದೆ ಕಡಲೆಯನ್ನು ಕಸಿಯುವ ಆ ಜಾತಿಗೆ, ವಿಷವು ತಗಲಿತು. ೧೯೨೭ರ ಜೂನ್ ೩೦ರಂದು ಕ್ಪೆವೆ ಎಂಬ ಊರಿನಲ್ಲಿ ಜ್ವರದಿಂದ ಮಲಗಿದ್ದ ಅಸಿಬಿ ಎಂಬ ೨೮ ವರ್ಷದವನ ರಕ್ತವನ್ನು ತೆಗೆದು ಅಂಥ ಒಂದು ಕೋತಿಗೆ ಚುಚ್ಚಿದರು. ಕೋತಿಯು ಸತ್ತಿತು, ಅಸಿಬಿಯು ಗುಣವಾಗಿ ಎದ್ದನು. ಅವನ ರಕ್ತದಿಂದ ದೊರೆತ ಆ ವಿಷದ ಸಂತತಿಯನ್ನೇ ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿಯು ಹಲವು ವರ್ಷಗಳ ಕಾಲ ಪ್ರಯೋಗಶಾಲೆಯಲ್ಲಿ ಬೆಳೆಸುತ್ತ, ಬಲಗುಂದಿಸುತ್ತ ಹೋಗಿ, ೧೯೩೭ರಲ್ಲಿ ಸೂಜಿಮದ್ದನ್ನು ಸಿದ್ಧಪಡಿಸಿದನು. ಅದಕ್ಕಾಗಿ ೧೯೫೧ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಇಂದು ಜಗತ್ತಿನಲ್ಲಿ ಹಾಕುತ್ತಿರುವ ಹಳದಿ ಜ್ವರದ ಸೂಜಿಗಳೆಲ್ಲವೂ ಆ ಒಂದೇ ಸಂತತಿಯವು. ನಮ್ಮ ತೋಳಿಗೆ ಇಳಿದುದೂ ಅಸಿಬಿಯ ರಕ್ತದಿಂದ ಹೊರಟ ವಿಷವೇ.

ಈ ಶೋಧನೆಯಲ್ಲಿ ಪ್ರಾಣ ತೆತ್ತ ವೈದ್ಯರೂ ಉಂಟು. ಏಡ್ರಿಯನ್ ಸ್ಟೋಕ್ಸ್ ಎಂಬಾತನು ೧೯೨೭ರಲ್ಲಿ ಲಾಗೋಸಿನಲ್ಲಿ ಇದೇ ಜ್ವರದಿಂದ ತೀರಿಕೊಂಡನು. ಜಪಾನಿನ ಹಿದೆಯೋ ನೊಗುಚಿಯು ಈ ರೋಗಕ್ಕೆ ಬೇರೊಂದು ಕ್ರಿಮಿಯು ಕಾರಣವೆಂದು ಸಾಧಿಸಿದ್ದವನು. ತನ್ನ ಸಿದ್ಧಾಂತವನ್ನು ತಾನೇ ಪರೀಕ್ಷಿಸುವೆನೆಂದು ಅಕ್ರಾ ಪಟ್ಟಣಕ್ಕೆ ಬಂದು, ೧೯೨೮ರ ಮೇ ೨೧ರಂದು ಹಳದಿ ಜ್ವರದಿಂದಲೇ ಸತ್ತನು. ಆತನ ಶವಪರೀಕ್ಷೆಯನ್ನು ನಡೆಸಿದ ವೈದ್ಯ ವಿಲಿಯಂ ಯಂಗನೂ ಕೆಲವೇ ದಿನಗಳಲ್ಲಿ ಅದೇ ದಾರಿ ಹಿಡಿದನು. ಇದನ್ನೆಲ್ಲ ನಾವು ಓದಿ ಹೇಳಿದಾಗ ನಮ್ಮ ಮನೆಯವರು ಅಸಿಬಿಯ ವಿಷಯವಾಗಿ ಏನೂ ಹೇಳಲಿಲ್ಲ. ಕೋತಿಯ ವಿಷಯ ಬಂದಾಗ ಮಾತ್ರ, “ಅಯ್ಯೋ, ಹನುಮಂತರಾಯ” ಎಂದು ಕೆನ್ನೆಯನ್ನು ಬಡಿದುಕೊಂಡರು.

ಹನ್ನೆರಡನೆಯ ದಿನ ಹೊರಟು, ನಡುವೆ ಒಂದೆಡೆ ವಿಮಾನವನ್ನು ಬದಲಿಸಿ ಅಕ್ರಾದಲ್ಲಿ ಇಳಿದೆವು. ಅಲ್ಲಿ ವೀಸಾ ನೋಡುವವರಿಗಿಂತ ಮುಂಚೆ ಆರೋಗ್ಯ ಇಲಾಖೆಯವರು ನಿಂತಿರುತ್ತಾರೆ. ಹಳದಿ ಪುಸ್ತಿಕೆಯನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋಗಬೇಕು, ಪೆಟ್ಟಿಗೆಯಲ್ಲಿಟ್ಟು ಪರದಾಡಬಾರದು. ತರುವಾಯ ಪ್ರವೇಶಾಧಿಕಾರಿಗಳ ಸಾಲು. ಬೆರಳಿನ ಗುರುತನ್ನೂ ಭಾವಚಿತ್ರವನ್ನೂ ತೆಗೆದುಕೊಂಡರು. ನಾವು ಬೇರೆ, ನಮ್ಮ ಮನೆಯವರು ಬೇರೆ ಅಧಿಕಾರಿಗಳ ಮುಂದೆ ನಿಂತೆವು. ನಮ್ಮನ್ನು ಎಷ್ಟು ದಿನ ಇರುವಿರೆಂದು ಕೇಳಲಾಗಿ, ಶಿಷ್ಟಾಚಾರಕ್ಕೆ ಒಂದು ತಿಂಗಳೆಂದೆವು. ಅವರು ೩೦ ದಿನ ಬರೆದರು. ನಮ್ಮ ಮನೆಯವರ ಮುಂದೆ ಇದ್ದುದು ಹೆಂಗಸು. ಆ ದೇಶದ ರಾಜಭಾಷೆಯು ಇಂಗ್ಲಿಷು. ಇವರಿಗೆ ಬರುವುದು ಹತ್ತು ಮಾತು. “ಗ್ರ್ಯಾಂಡ್‌ಸನ್” ಎಂದು ಒಂದನ್ನು ಹೇಳಿ, ಎರಡು ಕೈಗಳಿಂದ ತೊಟ್ಟಿಲನ್ನು ತೂಗಿ ತೋರಿಸಿದರಂತೆ. ಆಕೆಯು ನಕ್ಕು ೬೦ ದಿನ ಬರೆದಳು. ನಮ್ಮ ಟಿಕೆಟ್ಟು ಇದ್ದುದು ೪೫ ದಿನಗಳಿಗೆ. ಇದರಿಂದಾಗಿ ನಾವು ಅಕ್ರಾದ ವಲಸೆ ಕಚೇರಿಗೆ ಎರಡು ಬಾರಿ ಅಲೆದು, ಶುಲ್ಕವನ್ನು ತೆತ್ತು ಅವಧಿಯನ್ನು ಬೆಳೆಸಿಕೊಳ್ಳಬೇಕಾಯಿತು. ದಾವಣಗೆರೆಯ ಮಹನೀಯರು ಮೊಹರನ್ನು ಆ ಮೇಜಿನ ಮುಂದೆಯೇ ಓದಿಕೊಂಡು, ದಿನ ಸಾಲದಿದ್ದರೆ ಅಲ್ಲಿಯೇ ವಿನಯದಿಂದ ಕೇಳತಕ್ಕದ್ದು. ಅವಧಿ ಮೀರಿದರೆ ದಂಡವುಂಟು. ಇನ್ನೊಂದು ಸಣ್ಣ ಸಂಗತಿ: ಸಿಪಾಯಿಗಳ ಬಟ್ಟೆಯನ್ನು ಹೋಲುವ ಹಸಿರು ಮಚ್ಚೆಯ ಉಡುಪನ್ನು ಆ ದೇಶದಲ್ಲಿ ಸಾಮಾನ್ಯರು ತೊಡಕೂಡದು. ಈಗಿನ ಹುಡುಗರ ಅಂಗಿಚಡ್ಡಿಗಳಲ್ಲಿ ಅದೇ ಹೆಚ್ಚಾದ್ದರಿಂದ ಹೇಳಿದೆವು.

ಮೊಮ್ಮಗನು ಮೊದಲ ದಿನ ನಮ್ಮನ್ನು ಕಂಡು ಅತ್ತನು. ಎರಡನೆಯ ದಿನ ಕನ್ನಡಕವನ್ನು ಕಿತ್ತುಕೊಂಡನು. ಅವನಿಗಿನ್ನೂ ಒಂಬತ್ತು ತಿಂಗಳಾಗದ ಕಾರಣ ಹಳದಿ ಚೀಟಿಯ ಕಾಟವಿಲ್ಲ.

ಒಂದು ಭಾನುವಾರ ಮಗನು ನಮ್ಮನ್ನು ಕೇಪ್ ಕೋಸ್ಟ್ ಎಂಬ ಕಡಲತಡಿಯ ಕೋಟೆಗೆ ಕರೆದುಕೊಂಡು ಹೋದನು. ಅದರ ಸಮೀಪದಲ್ಲಿಯೇ ಪೋರ್ತುಗೀಸರು ೧೪೮೨ರಲ್ಲಿ ಕಟ್ಟಿದ ಎಲ್ಮಿನ ಕೋಟೆಯೂ ಇದೆ. ಗುಲಾಮರಾಗಿ ಹಿಡಿದ ಜನರನ್ನು ಈ ಕೋಟೆಗಳ ನೆಲಮಾಳಿಗೆಗಳಲ್ಲಿ ಕೂಡಿಹಾಕಿ, ಕಡಲಿನ ಕಡೆಯ ಒಂದು ಬಾಗಿಲಿನಿಂದ ಹಡಗಿಗೆ ಏರಿಸುತ್ತಿದ್ದರು. ಅದಕ್ಕೆ ‘ಮರಳಿ ಬಾರದ ಬಾಗಿಲು’ ಎಂದು ಹೆಸರು. ಅವರನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ಯಾರೂ ಮುದ್ರೆಯನ್ನು ಕೇಳಲಿಲ್ಲ. ಈಗ ಅದೇ ಬಾಗಿಲಿನ ಹೊರಮುಖದಲ್ಲಿ ‘ಮರಳಿ ಬರುವ ಬಾಗಿಲು’ ಎಂದು ಬರೆದಿದ್ದಾರೆ. ಪರದೇಶಗಳಲ್ಲಿರುವ ಆಫ್ರಿಕನ್ ಮೂಲದವರು ಘಾನಾದಲ್ಲಿ ನೆಲಸುವ ಹಕ್ಕನ್ನು ಪಡೆಯುವುದಕ್ಕೆ ೨೦೦೦ದ ವಲಸೆ ಕಾನೂನಿನಲ್ಲಿ ಅವಕಾಶವಿಟ್ಟರು. ವರ್ಜೀನಿಯಕ್ಕೆ ಆಫ್ರಿಕದವರನ್ನು ಒಯ್ದ ೧೬೧೯ರಿಂದ ನಾನೂರು ವರ್ಷಗಳು ತುಂಬಿದಾಗ, ೨೦೧೯ನ್ನು ‘ಮರಳುವ ವರ್ಷ’ವೆಂದು ಸಾರಿ ಅವರನ್ನು ಕರೆದರು. ಆ ಅಂಗಳದಲ್ಲಿ ನಮ್ಮ ಮುಂದೆ ಅಮೆರಿಕದ ವೃದ್ಧೆಯೊಬ್ಬರು ನಿಂತಿದ್ದರು. ಅವರ ಕೈಯಲ್ಲಿಯೂ ನಮ್ಮದರಂತೆಯೇ ಪಾಸ್‌ಪೋರ್ಟು, ಅದರೊಳಗೆ ಹಳದಿ ಪುಸ್ತಿಕೆ. ಅವರೂ ವೀಸಾ ಪಡೆದೇ ಬಂದವರೆಂದು ಮಾತಿನಲ್ಲಿ ತಿಳಿಯಿತು. ಆಮೇಲೆ ಆಕೆಯೂ ಮಾತನಾಡಲಿಲ್ಲ, ನಾವೂ ಮಾತನಾಡಲಿಲ್ಲ.

ಆ ಸೀಮೆಯವರಿಗೆ ಗಡಿಯ ಪತ್ರವೆಂಬುದು ನಮಗಿರುವಂತೆ ಪ್ರವಾಸದ ತೊಡಕು ಮಾತ್ರವಲ್ಲ. ೧೯೬೯ರ ನವೆಂಬರಿನಲ್ಲಿ ಘಾನಾ ಸರಕಾರವು ಅನುಮತಿಪತ್ರವಿಲ್ಲದ ಪರದೇಶದವರೆಲ್ಲ ಎರಡು ವಾರಗಳಲ್ಲಿ ಅದನ್ನು ಪಡೆಯಬೇಕು, ಇಲ್ಲವೆ ಹೊರಡಬೇಕು ಎಂದು ಆಜ್ಞೆಮಾಡಿತು. ತಲೆಮಾರುಗಳಿಂದ ನೆಲಸಿದ್ದ ನೈಜೀರಿಯದವರು ಮನೆಮಠವನ್ನು ಬಿಟ್ಟು ಹೋದರು. ೧೯೮೩ರ ಜನವರಿಯಲ್ಲಿ ನೈಜೀರಿಯವು ಅದೇ ಆಜ್ಞೆಯನ್ನು ಹೊರಡಿಸಿದಾಗ ಹೊರಬಿದ್ದವರಲ್ಲಿ ಘಾನಾದವರೇ ಹೆಚ್ಚು. ಅವರು ಸಾಮಾನನ್ನು ತುರುಕಿಕೊಂಡು ಹೋದ ಚೌಕಳಿಯ ಅಗ್ಗದ ಚೀಲಕ್ಕೆ ಆ ಕಡೆ ಇಂದಿಗೂ ‘ಘಾನಾದವರು ತೊಲಗಲಿ’ ಎಂಬರ್ಥದ ಹೆಸರು. ನಮ್ಮ ಸಂತೆಗಳಲ್ಲಿಯೂ ಅದೇ ಚೀಲವು ಸಿಕ್ಕುತ್ತದೆ. ಪಶ್ಚಿಮ ಆಫ್ರಿಕದ ಒಕ್ಕೂಟದ ದೇಶಗಳವರು ಪರಸ್ಪರ ೯೦ ದಿನ ವೀಸಾ ಇಲ್ಲದೆ ಹೋಗಿಬರಬಹುದೆಂಬ ಒಪ್ಪಂದವು ೧೯೭೯ರಲ್ಲಿಯೇ ಆಗಿದ್ದರೂ ೧೯೮೩ರ ಆ ಆಜ್ಞೆಯನ್ನು ಅದು ತಡೆಯಲಿಲ್ಲ. ಈಚೆಗೆ, ೨೦೨೫ರ ಜನವರಿಯಲ್ಲಿ, ಆಫ್ರಿಕದ ಯಾವ ದೇಶದವರಿಗಾದರೂ ವೀಸಾ ಬೇಡವೆಂದು ಘಾನಾ ಸರಕಾರವು ಘೋಷಿಸಿತು. ನಮಗೆ ಬೇಕೇ ಬೇಕು.

ಹಿಂದಿರುಗುವಾಗ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ನಮ್ಮನ್ನು ಮೊದಲು ತಡೆದವರೂ ಆರೋಗ್ಯದ ಮೇಜಿನವರೇ. ನಮ್ಮ ಸಂಗಡ ಇಳಿದ ಒಬ್ಬ ತರುಣನ ಬಳಿ ಪುಸ್ತಿಕೆಯಿರಲಿಲ್ಲ. ಅವನನ್ನು ಪಕ್ಕದ ಬೆಂಚಿನ ಮೇಲೆ ಕುಳ್ಳಿರಿಸಿದರು. ಅವನ ತಾಯಿತಂದೆಗಳು ಗಾಜಿನಾಚೆ ಕೈಬೀಸುತ್ತಿದ್ದರು. ಮುಂದೇನಾಯಿತೋ ನಾವು ನೋಡಲಿಲ್ಲ.

ಈ ಚೀಟಿಯು ಮೊದಲು ಹತ್ತು ವರ್ಷಗಳವರೆಗೆ ಮಾತ್ರ ಸಲ್ಲುತ್ತಿತ್ತು. ೨೦೧೬ರ ಜುಲೈ ತಿಂಗಳಿನಿಂದ ಒಂದು ಸಲ ಹಾಕಿಸಿಕೊಂಡರೆ ಆಯುಷ್ಯಪರ್ಯಂತ ಸಲ್ಲುತ್ತದೆ. ಬೇರೆ ಹಲವನ್ನು ಪ್ರತಿ ಪ್ರಯಾಣಕ್ಕೂ ಹೊಸದಾಗಿ ಪಡೆಯಬೇಕಾಗುತ್ತದೆ. ನಮ್ಮ ಮನೆಯವರು ಎರಡೂ ಪುಸ್ತಿಕೆಗಳನ್ನು ಮಗನ ಆಹ್ವಾನಪತ್ರದೊಡನೆ ಒಂದು ಲಕೋಟೆಯಲ್ಲಿ ಹಾಕಿ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ದಾವಣಗೆರೆಯ ಮಹನೀಯರು ತಮ್ಮ ವಯಸ್ಸನ್ನಾಗಲಿ, ಹೊರಡುವ ದಿನವನ್ನಾಗಲಿ ಬರೆದಿಲ್ಲ. ಅರವತ್ತು ದಾಟಿದ್ದರೆ ಈ ವಾರವೇ ತಮ್ಮ ವೈದ್ಯರನ್ನು ಕಂಡು, ಸೇವಿಸುವ ಗುಳಿಗೆಗಳ ಪಟ್ಟಿಯನ್ನು ತೋರಿಸಿ ಕೇಳಲಿ. ಟಿಕೆಟ್ಟನ್ನು ಆಮೇಲೆ ಕೊಳ್ಳಲಿ.